ಚಕ್ಕಳಮಕ್ಕಳದ ಅಳತೆ

ಡೆಲೊರೇನ್ ಊರು ಮುಗಿದು, ಹೊಳೆ ದಾಟಿದ ಮೇಲೆ
ಒಂದು ತಗಡಿನ ಶೆಡ್ಡು.
ಡೆಸ್ ಪೈಬಸ್ ಎಂದು ಬಾಗಿಲಿಗೆ ಬರೆದದ್ದು
ಅರ್ಧ ಅಳಿಸಿದೆ.
ಎಂಥ ಕುರ್ಚಿ ಬೇಕು ಅಂದ.
ಕಾಲು ಮಡಚಿ ಕೂರುವಂಥದ್ದು ಅಂದೆ.
ತಲೆ ಕೆರೆದುಕೊಂಡ.
ಸರಿ, ಕೂತು ತೋರಿಸು.

ಹತ್ತೊಂಬತ್ತು ವರ್ಷದಿಂದ ಲಾನ್ಸೆಸ್ಟನ್ ಆಸ್ಪತ್ರೆಯಲ್ಲಿ
ಹೊಸ ಮಂಡಿ ಹಾಕಿಸಿಕೊಂಡವರಿಗೆ
ಕುರ್ಚಿಯಿಂದ ಏಳುವುದು ಕಲಿಸುವವಳು ನಾನು.
ಅವತ್ತು ಕೀಸುಳಿ ಹೆರೆದ ಸುರುಳಿಗಳ ನಡುವೆ
ಕೋಟು ಹಾಕಿಕೊಂಡೇ
ಪಂಕ್ತಿಯಲ್ಲಿ ಎಲೆಗೆ ಕಾದವಳ ಹಾಗೆ
ಚಕ್ಕಳಮಕ್ಕಳ ಹಾಕಿದೆ.
ಡೆಸ್ ಕಿವಿಯಿಂದ ಪೆನ್ಸಿಲ್ ತೆಗೆದು
ಎರಡೂ ಮಂಡಿಯ ಹೊರಗೆ ನೆಲಕ್ಕೆ ಗೆರೆ ಎಳೆದ.
ಎಪ್ಪತ್ತೆರಡು ಸೆಂಟಿಮೀಟರ್.
"ಉಸಿರಾಟಕ್ಕೆ ಇನ್ನೆರಡು ಇರಲಿ."
ನನ್ನದಕ್ಕೋ ಮರದ್ದಕ್ಕೋ, ಕೇಳಲಿಲ್ಲ.

ಬ್ಲ್ಯಾಕ್‌ವುಡ್ ಅಂತ ಹೆಸರು, ಕಪ್ಪೇನೂ ಅಲ್ಲ.
ಹಳೇ ಬೆಲ್ಲ, ನಡುನಡುವೆ ಹುಣಸೆತೊಕ್ಕಿನ ಎಳೆ.
ಬಿರುಗಾಳಿಗೆ ಬಿದ್ದ ಮರವಂತೆ. ಕೊಯ್ದು, ಗಾಳಿಗೆ ಸಂದು ಬಿಟ್ಟು ಪೇರಿಸಿ
ಆರು ವರ್ಷ ನೆರಳಲ್ಲಿ ಒಣಗಿಸಿದ್ದು.
ಬೆಲೆ ಕೇಳಿ ನನ್ನ ಬಾಯಿ ಒಣಗಲು
ಆರು ಸೆಕೆಂಡೂ ಹಿಡಿಯಲಿಲ್ಲ.
ಅದೇ ದುಡ್ಡಿಗೆ ಮಾಲಿನಲ್ಲಿ ಇಡೀ ಹಜಾರ ತುಂಬಿಸುತ್ತಾರೆ,
ಮರದ ಹಿಟ್ಟಿಗೆ ಗೋಂದು ಕಲಸಿ
ಮೇಲೆ ಮರದ ಚಿತ್ರ ಅಂಟಿಸಿ.
ಅರ್ಧ ಮುಂಗಡ ಕೊಟ್ಟುಬಿಟ್ಟೆ.

ಬೆನ್ನಿನ ಪಟ್ಟಿ ಬಗ್ಗಿಸುವ ದಿನ ಬಾ ಅಂದಿದ್ದ, ಹೋದೆ.
ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ,
ನಮ್ಮ ಗಾದೆಯನ್ನು ಹೇಗೋ ಇಂಗ್ಲಿಷಿಗೆ ದಾಟಿಸಿದೆ.
ಉತ್ತರ ಕೊಡಲಿಲ್ಲ ಡೆಸ್.
ಉದ್ದನೆ ಪೆಟ್ಟಿಗೆಯ ಬಾಯಿ ತೆಗೆದ;
ಇಡ್ಲಿ ಪಾತ್ರೆಯ ಮುಚ್ಚಳ ಸರಿಸಿದ ಹಾಗೆ
ಹಬೆ ಮುಖಕ್ಕೆ ರಾಚಿತು.
ಗಂಟೆಗಟ್ಟಲೆ ಬೆಂದ ಪಟ್ಟಿಯನ್ನು ಅಚ್ಚಿಗೆ ಒತ್ತಿದ.
ಅರ್ಧ ನಿಮಿಷ.
ಅಜ್ಜಿಯ ಕಾಲದ ಗಾದೆ ಅಲ್ಲೇ ಹೊಟ್ಟಿನಲ್ಲಿ ಬಿತ್ತು.

ಸರ್ವಮಂಗಳಾ ಅನ್ನಲು ಅವನ ನಾಲಿಗೆ ಹೊರಳದು.
ಎರಡೂ ಕಡೆ ಕತ್ತರಿಸಿ, ಉಜ್ಜಿ, ತನಗೆ ಬೇಕಾದಷ್ಟು ಉಳಿಸಿಕೊಂಡಿದ್ದ.
ಎಂಟು ತಿಂಗಳಿಗೆ ಕುರ್ಚಿ ಬಂತು.
ತಲೆಕೆಳಗು ಮಾಡಿ ನೋಡಿದರೆ
ಕೂರುವ ಹಲಗೆಯ ಅಡಿಯಲ್ಲಿ, ಇಂಗ್ಲಿಷಿನಲ್ಲಿ, ದುಂಡಗೆ:
ಮಂಗ.
ಟಾಸ್ಮೇನಿಯಾದಲ್ಲಿ ಅದನ್ನೋದಿ ನಗಬಲ್ಲವರು
ಎಷ್ಟು ಜನ ಇದ್ದೇವೋ.
ಎಣ್ಣೆ ಹಚ್ಚುವಾಗ ಇಂದಿಗೂ
ಅದೊಂದು ಜಾಗ ಬಿಡುತ್ತೇನೆ.

ಜೊತೆಗೊಂದು ಚೀಟಿ ಕೊಟ್ಟಿದ್ದ:
ಕಿಟಕಿಯ ಬಿಸಿಲಿಗೆ ಇಡಬೇಡ. ಒದ್ದೆ ಬಟ್ಟೆ ಮರೆತು ಬಿಡಬೇಡ.
ವರ್ಷಕ್ಕೆರಡು ಸಲ ಎಣ್ಣೆ,
ಎಣ್ಣೆಬಟ್ಟೆ ಮುದ್ದೆ ಮಾಡಿ ಬಿಸಾಡಿದರೆ
ತಾನಾಗಿ ಹೊತ್ತಿಕೊಂಡೀತು, ಹರಡಿ ಒಣಗಿಸು.
ನಾನು ಎಣ್ಣೆಸ್ನಾನ ಬಿಟ್ಟು ಎಷ್ಟೋ ವರ್ಷ;
ಕುರ್ಚಿಗೆ ಮಾತ್ರ ಒಮ್ಮೆಯೂ ತಪ್ಪಿಸಿಲ್ಲ.

ಮೊದಲ ಜುಲೈಯ ಚಳಿಗೆ
ಹಲಗೆಗೂ ಚೌಕಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದು.
ಗಾಬರಿಯಲ್ಲಿ ಫೋನು ಮಾಡಿದೆ.
"ಹೀಟರ್ ಉರೀತಿದೆಯಾ?"
"ಹೂಂ."
"ನಿನ್ನ ತುಟಿ ಒಡೆದಿದೆಯಾ?"
"ಹೂಂ."
"ಮತ್ತೆ?" ಎಂದು ಇಟ್ಟುಬಿಟ್ಟ.
ಡಿಸೆಂಬರಿಗೆ ನೋಡಿದರೆ ಸಂದು ಇಲ್ಲ.
ಯಾವ ದಿನ ಮುಚ್ಚಿತೋ, ನಾನು ಮೇಲೆ ಕೂತೇ ಇದ್ದೆ.

ಹೋದ ಮಾರ್ಚಿನಲ್ಲಿ ವಾರ್ಡಿನ ಪಟ್ಟಿ ಓದುತ್ತಾ ನಿಂತೆ:
ಪೈಬಸ್, ಎಡ ಮಂಡಿ.
ಕೋನಮಾಪಕ ಹಿಡಿದು ಹೋದೆ.
ಅರವತ್ತೆಂಟು ಡಿಗ್ರಿ, ಅಲ್ಲಿಗೆ ನಿಂತಿತು.
ಅವನ ಹಣೆ ತುಂಬ ಬೆವರು.
"ಮಂಗ, ಹಬೆಪೆಟ್ಟಿಗೆ ಇಲ್ಲವಾ ಇಲ್ಲಿ?"
ಇಲ್ಲ ಡೆಸ್.
ಹಿಮ್ಮಡಿ ಜಾರಿಸು. ಇನ್ನೂ. ಉಸಿರು ಬಿಡು.
ಎಪ್ಪತ್ತು.
ತಡಿ, ಎಪ್ಪತ್ತೆರಡು.

ಆಮೇಲೆ ಅವನನ್ನು ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ
ಕಿಟಕಿ ಬಳಿಯ ಕುರ್ಚಿಯಲ್ಲಿ ಕೂರಿಸಿದೆ.
ನೋವೆಲ್ಲ ಮರೆತು ಕೈಹಿಡಿಯ ಅಡಿಗೆ ಬೆರಳು ಹಾಕಿ ತಡಕಿದ,
ಅಲ್ಲಾಡಿಸಿದ, ಕೀಲು ಲೊಟಗುಟ್ಟಿತು.
ಇದನ್ನು ಯಾವ ದರಿದ್ರದವನು ಮಾಡಿದ್ದು ಅಂದ.