ಒಂದೂವರೆ ಅಡಿ

ಲಕ್ವ ಹೊಡೆದ ಮೇಲೆ ಓಲ್ವೆನ್ ಬಾಯಲ್ಲಿ
ಉಳಿದದ್ದು ಒಂದೇ ಒಂದು ಮಾತು:
ಸೆಸ್ಕ್ವಿಪಿಡೇಲಿಯನ್.

ನೀರು ಹೋಯಿತು, ಉಪ್ಪು ಹೋಯಿತು,
ಹೌದು, ಅಲ್ಲ, ಎರಡೂ ಹೋದವು.
ಗಂಡನ ಹೆಸರು ಎಮ್ರಿಸ್,
ಅದೂ ಹೋಯಿತು.
ಇಷ್ಟುದ್ದದ್ದು ಮಾತ್ರ
ಮನೆ ಕೆಡವಿದ ಬಯಲಲ್ಲಿ ಮರೆತುಬಿಟ್ಟ ಏಣಿಯ ಹಾಗೆ
ನಿಂತೇ ಇತ್ತು.

ಮೂವತ್ತೊಂದು ವರ್ಷ ಲ್ಯಾಟಿನ್ ಕಲಿಸಿದವಳು.
ಕಾರ್ಲಿಯನ್ ಶಾಲೆಯ ಹುಡುಗರು
ಉದ್ದುದ್ದ ಪದ ಪೋಣಿಸಿ ತಂದರೆ
ಕೆಂಪು ಶಾಯಿಯಲ್ಲಿ ಅಂಚಿಗೆ ಗೀಚುತ್ತಿದ್ದಳು ಇದನ್ನೇ.
ಈಗ ಚಹಾ ಬೇಕೆಂದರೂ ಇದೇ,
ಬೆಕ್ಕನ್ನು ಗದರಿದರೂ ಇದೇ,
ನಡುರಾತ್ರಿ ಮಗ್ಗುಲಾಗಲು ಬಾರದೆ ಅತ್ತರೂ
ಇದೇ, ತುಸು ಮೆತ್ತಗೆ.

ಎಮ್ರಿಸ್ ಗಾರೆಯವನು, ಇಟ್ಟಿಗೆಯವನು.
ಇಷ್ಟು ವರ್ಷ ಅರ್ಥ ಕೇಳಿರಲಿಲ್ಲ, ನಾಚಿಕೆ.
ಒಂದು ಮಂಗಳವಾರ ಒದ್ದೆ ಕೋಟಿನಲ್ಲೇ
ಮ್ಯೂಸಿಯಮ್ಮಿನ ಮೇಜಿನ ಮುಂದೆ ನಿಂತ.
ನೆರಿಸ್ ಎಂಬ ಹುಡುಗಿ ಪೆನ್ಸಿಲ್ಲಲ್ಲಿ ಬಿಡಿಸಿಟ್ಟಳು:
ಸೆಮಿಸ್, ಅರ್ಧ.
ಕ್ವೆ, ಮತ್ತು.
ಎರಡೂ ಬಾಯಿಂದ ಬಾಯಿಗೆ ಸವೆದು ಸೆಸ್ಕ್ವಿ.
ಆಮೇಲಿನದು ಪೆಸ್, ಪಾದ.
ಒಂದೂವರೆ ಅಡಿಯದು, ಅಷ್ಟೇ.

'ಒಂದು ಎಲ್ಲಿದೆ ಇದರಲ್ಲಿ?' ಕೇಳಿದ ಎಮ್ರಿಸ್.
'ಇಲ್ಲ. ಹೇಳುವುದಿಲ್ಲ ಅದನ್ನು.
ಮತ್ತರ್ಧ ಅಂದರೆ ಸಾಕು,
ಒಂದು ಇದ್ದೇ ಇರುತ್ತದೆ ಅಂತ.'

(ನಾವಾದರೆ ಒಂದನ್ನೂ ಹೇಳುತ್ತೇವೆ,
ಅದರ ಬೆನ್ನಿಗೊಂದು ಊ ಅಂಟಿಸಿ ಅರೆಯನ್ನು ಹೊರಿಸುತ್ತೇವೆ.
ನಮಗೂ ಅಡಿಯೆಂದರೆ ಕಾಲು, ಅಳತೆ,
ಪದ್ಯದ ಸಾಲು ಕೂಡ.)

ಒಳಗಿನ ಗೂಡಲ್ಲಿ ಅದೇ ಹೆಸರಿನ ಇಟ್ಟಿಗೆ ಇತ್ತು,
ರೋಮಿನ ದಂಡು ಇಲ್ಲಿ ಸುಟ್ಟದ್ದು,
ಒಣಗುವ ಮೊದಲೇ ಯಾವುದೋ ನಾಯಿ ತುಳಿದದ್ದು.
ಮುಟ್ಟಬಾರದೆಂಬ ಫಲಕದ ಕೆಳಗೇ ಎಮ್ರಿಸ್ ಮುಟ್ಟಿದ.
'ಹದವಾಗಿ ಬೆಂದಿದೆ' ಅಂದ.
'ಅವರ ಅಡಿ ನಮ್ಮದಕ್ಕಿಂತ ಚೂರು ಗಿಡ್ಡ' ಅಂದಳು ನೆರಿಸ್.

ಮನೆಗೆ ಬಂದವನೇ ಟೇಪು ಹುಡುಕಿದ.
ತನ್ನ ಕುರ್ಚಿಯಿಂದ ಅವಳ ಮಂಚಕ್ಕೆ
ನಾಲ್ಕಡಿ, ಎರಡಂಗುಲ.
ಇಷ್ಟು ದೂರ ಕೂತಿದ್ದೆನೆ?
ಕುರ್ಚಿ ಎಳೆದ, ಅಳೆದ, ಮತ್ತೆ ಎಳೆದ.
ನೆಲ ಕಿರುಗುಟ್ಟಿತು, ಬೆಕ್ಕು ಎದ್ದು ಹೋಯಿತು.

ಓಲ್ವೆನ್ ನೋಡುತ್ತಲೇ ಇದ್ದಳು.
ಬಲಗಡೆಯ ತುಟಿ ಏಳಲಿಲ್ಲ, ಎಡಗಡೆಯದು ಎದ್ದಿತು.
ಸೆಸ್ಕ್ವಿಪಿಡೇಲಿಯನ್, ಅಂದಳು.

'ಹೂಂ' ಅಂದ ಎಮ್ರಿಸ್, ಟೇಪು ಸುತ್ತುತ್ತ,
'ರೋಮಿನ ಲೆಕ್ಕಕ್ಕೆ ಇನ್ನೂ ಅರ್ಧ ಅಂಗುಲ ಜಾಸ್ತಿ.'