ಕೇಳದ ಹಾಡು

ಕನ್ನಾ ಚೌಕದಾಗ ಇಲಾಹಿ ಬಾಗವಾನನ ಅಂಗಡಿ.
ಅಂಗಡಿ ಅಂದ್ರ ಒಂದು ಬಾಗಲಾ, ಅರ್ಧಾ ಕಿಡಕಿ,
ಒಡದ ಮೊಬೈಲಿನ ಗಾಜು ತುಂಬಿದ ಡಾಲ್ಡಾ ಡಬ್ಬಿ.
ಮೂವತ್ತು ರೂಪಾಯಿಗೆ ಕಾರ್ಡು ತುಂಬಿ ಕೊಡ್ತಾನ.
ಅವ್ವಗ ಭಜನಿ ನೂರು, ತಮ್ಮಗ ಡೀಜೆ ಐವತ್ತು,
ನನಗೇನೂ ಬ್ಯಾಡ ಅಂದಿದ್ದೆ.
ಮನ್ಯಾಗ ಎಣಿಸಿದರ ನೂರಾ ಐವತ್ತೊಂದು.

ಯಾರದೋ ಚಿಲ್ಲರಾ ನನ್ನ ಕಡೆ ಉಳದಂಗಾಗಿ
ತಿರುಗಿ ಹೋಗಿ ಹೇಳ್ದೆ, ಒಂದು ಹೆಚ್ಚಿಗಿ ಬಂದದ.
ಸ್ಕ್ರೂಡ್ರೈವರ್ ಬಾಯಾಗ ಕಚ್ಚಿಕೊಂಡೇ ನಕ್ಕ:
"ಎಲ್ಲಾರಿಗೂ ಒಂದು ಹಾಕ್ತೀನಿ ತಂಗೆವ್ವಾ,
ಕೇಳದ ಹಾಡು.
ಯಾರೂ ಕೇಳಿಲ್ಲ, ಅದಕ್ಕ ಯಾರೂ ಕೇಳಂಗಿಲ್ಲ.
ಅದಕ್ಕ ರೊಕ್ಕಾ ಹಿಡಿಯೂದಿಲ್ಲ."

ಹೆಸರಿಲ್ಲ ಅದಕ್ಕ. ಹೆಸರಿನ ಜಾಗಾದಾಗ
ರೆಕಾರ್ಡ್ ಹದಿನಾಲ್ಕು ಅಂತ ಇತ್ತು.
ಹೆಣ್ಣು ದನಿ, ಸ್ವಲ್ಪ ಗೊಗ್ಗರು.
ಕನ್ನಡದಾಗ ಸುರು ಆಗಿ, ಮರಾಠಿಗೆ ಹೊಳ್ಳಿ,
ತೆಲುಗಿನ ಒಂದು ಬೈಗುಳ ಮುಟ್ಟಿ ತಿರುಗಿ ಬರೂ ಹಾಡು,
ನಮ್ಮ ಓಣಿ ಮಂದಿ ಮಾತಾಡಿದಂಗ.
ದೇವರಿಲ್ಲ ಅದರಾಗ. ಬಿಟ್ಟು ಹೋದ ಹುಡುಗನೂ ಇಲ್ಲ.
ಟಾವೆಲಿನ ಹಾಡು:
ಯಾವ ಊರಾಗ ಯಾರ ಮಾರಿ ಒರಸತಾವೋ,
ನಮ್ಮ ಬೆವರಿನ ಮ್ಯಾಲ ಅವರ ನೀರು.
ಬಾಜಾ ಅಂದ್ರ ಉಗುರಿಲೆ ಡಬ್ಬಿ ಬಡಿಯೂ ಸಪ್ಪಳ, ಅಷ್ಟ.
ಮೂರನೇ ನುಡಿಯಾಗ "ನಾ ಹೊಲಿದ ಗಂಟು" ಅಂದು
ಅಲ್ಲೇ ಕಟ್.
ಕತ್ತರಿ ಬಿದ್ದಂಗ.

ನಾನೂ ಅಂಚು ಹೊಲಿಯೂಕಿ, ಡಜನ್ನಿನ ಲೆಕ್ಕ.
ಆ ಹಾಡು ಹಚ್ಚಿದ್ರ ಕೆಲಸ ಲಗೂ ಆಗತಿದ್ದಿಲ್ಲ,
ತಡಾನೂ ಆಗತಿದ್ದಿಲ್ಲ, ಬರೇ ಎಣಿಕಿ ತಪ್ಪತಿತ್ತು.
ಬಾಜೂ ಮಷೀನಿನ ಗಡ್ಡಂ ಲಚ್ಚವ್ವಗ ಒಂದು ಕಿವಿ ಕೊಟ್ಟೆ,
ವಾಯರಿನ ಎಡಗಡೆದು ನನಗ, ಬಲಗಡೆದು ಅಕಿಗೆ.
ಕೇಳಿ ಏನೂ ಅನಲಿಲ್ಲ.
ಸಂಜೀಕ ಊಟದ ಡಬ್ಬಿ ತೊಳಿಯೂವಾಗ
ತನ್ನದೇ ಒಂದು ತಪ್ಪು ಧಾಟಿಯಾಗ ಗುನುಗತಿದ್ಲು.
ಅಕಿಯಿಂದ ಸೊಸಿಗೆ, ಸೊಸಿಯಿಂದ ರಿಕ್ಷಾದಂವಗ,
ಅವನಿಂದ ಮತ್ತ ಯಾರ್ಯಾರಿಗೋ ಹೋತು.
ಎಲ್ಲಾರ ಹತ್ರಾನೂ ಅಲ್ಲೇ ಹರದಿತ್ತು.
ಮುಂದಿನ ಮಾತು ನಾವೇ ಹಾಕ್ಕೊಂಡಿದ್ವಿ:
ಲಚ್ಚವ್ವ "ಬಿಚ್ಚಬ್ಯಾಡ" ಅಂತಿದ್ಲು,
ನಾ "ಬಿಚ್ಚು" ಅಂತಿದ್ದೆ.

ನಿನ್ನೆ ವಳಸಂಗದಿಂದ ಬರೂ ಎಸ್ಟಿಯಾಗ
ಬೈಕಿನ ಸೈಲೆನ್ಸರ್ ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ದ ಒಬ್ಬಂವ.
ಅವನ ಕಿಸೇದಾಗ ಡಬ್ಬಿ ಬಡಿಯೂ ಸಪ್ಪಳ ಸುರು ಆತು.
ಮುಂದಿನ ಸೀಟಿನ ಕಬ್ಬಿಣ ಗಟ್ಟಿ ಹಿಡದೆ.
ಗಂಟು, ಬಂತು.
"ನಾ ಹೊಲಿದ ಗಂಟು
ಎಲ್ಲಿದ್ದರೂ ನನಗ ಗುರುತು."
ನಮ್ಮಿಬ್ಬರದೂ ತಪ್ಪಾಗಿತ್ತು ಲಚ್ಚವ್ವಾ.

ಹಾಡು ಮುಗದ ಮ್ಯಾಲ ಸಪ್ಪಳಿಲ್ಲದ ಒಂದು ಗಳಿಗಿ.
ಅಂಥಾ ಗಳಿಗಿ ಸೊಲ್ಲಾಪುರದಾಗ ನಾ ಕೇಳಿದ್ದೇ ಇಲ್ಲ.
ಆಮ್ಯಾಲ ಅದೇ ದನಿ, ಮನಿ ಮಾತಿನಾಗ:
"ಆತು ಕಾಕಾ. ಈಗ ಹಚ್ರಿ."
ಒಂದು ಮಗ್ಗ ಎದ್ದಿತು. ಎರಡನೇದು.
ಖಟಾಖಟಾ ಖಟಾಖಟಾ,
ಸಣ್ಣ ಸ್ಪೀಕರು ಹರದು ಹೋಗೂವಷ್ಟು ಮಗ್ಗ.

ಅಂದ್ರ ಮೂರು ಮಿನಿಟು
ಇಡೀ ಶೆಡ್ಡು ಕೈಕಟ್ಟಿ ನಿಂತಿತ್ತು.
ಮೀಟರಿನ ಲೆಕ್ಕದಾಗ ಪಗಾರ ತಗೊಳ್ಳೂ ಮಂದಿ
ಮಾಲಕ ಇಲ್ಲದ ವ್ಯಾಳ್ಯಾ ನೋಡಿ
ಗೇಣು ಗೇಣು ಬಿಟ್ಟು ಕೊಟ್ಟಿದ್ರು ಒಬ್ಬ ಹುಡುಗಿಗೆ.
ಕೆಮ್ಮು ಬಂದಂವ ಹೊರಗ ಹೋಗಿರಬೇಕು.

"ಅಣ್ಣಾ, ಯಾರ್ದಿದು?"
"ಯಾರಿಗ್ಗೊತ್ತು. ಅಕ್ಕಲಕೋಟ ಸ್ಟ್ಯಾಂಡಿನ ಹಿಂದ
ಒಬ್ಬಾಕಿ ಕಾರ್ಡು ತುಂಬಿ ಕೊಡ್ತಾಳ.
ಒಂದು ಹೆಚ್ಚಿಗಿ ಬಂದಿತ್ತು."
ಬ್ಲೂಟೂತು ಹಚ್ಚಿದ್ವಿ. ಅರ್ಧಕ್ಕ ಕುಂಭಾರಿ ಬಂತು.
ಇಳದಂವ ಹೋಗಲಿಲ್ಲ, ಕಿಡಕಿಗೆ ಬಂದು
ಫೋನು ಎತ್ತಿ ಹಿಡದು ನಿಂತ, ಹಣತಿ ಹಿಡದಂಗ.
ಕಂಡಕ್ಟರ್ ಎರಡು ಗಂಟಿ ಹೊಡದ.
ಸೈಲೆನ್ಸರ್ ಬಗಲಾಗ ಇರುಕಿಕೊಂಡು
ಬಸ್ಸಿನ ಕೂಡ ಓಡಿದ, ಹತ್ತು ಹೆಜ್ಜಿ, ಹನ್ನೊಂದು.

ಪೂರಾ ಬಂತೋ ಇಲ್ಲೋ, ತಗದು ನೋಡಿಲ್ಲ.
ನಾಳೆ ಎಂಟಕ್ಕ ಮಷೀನು ಹಚ್ಚೂಕಿಂತ ಮೊದಲ
ಲಚ್ಚವ್ವನ ಕೂಡ ನೋಡಬೇಕು.
ಬಲಗಡೆದು ಅಕಿಗೆ.