ಬಾಕಿ

ಭಾನುವಾರದ ಸಂತೆ, ಬಿವಿಕೆ ಅಯ್ಯಂಗಾರ್ ರಸ್ತೆ.
‘ತೇಗದ ಫ್ರೇಮು ಸಾರ್, ನೂರೈವತ್ತು.
ಒಳಗಿನವರನ್ನ ಬೇಕಾದ್ರೆ ಕಿತ್ತು ಕೊಡ್ತೀನಿ.’

ಆತನ ಕೋಟು ಸ್ಟುಡಿಯೋದ್ದೇ ಇರಬೇಕು,
ತೋಳು ಬೆರಳ ಗೆಣ್ಣಿನ ತನಕ.
ಆಕೆ ಎಡಗೈ ಮುಂದಿಟ್ಟಿದ್ದಾಳೆ, ವಾಚು ಕಾಣಲೆಂದು;
ನಾಲ್ಕೂ ಹತ್ತು.
ಬಿನ್ನಿ ಮಿಲ್ಲಿನ ಪಾಳಿ ಬಿಟ್ಟು ನೇರ ಬಂದರೋ,
ಕಿವಿಯ ಮೇಲಿನ್ನೂ ಹತ್ತಿಯ ಚೂರು?
ಮಗು ಅಲುಗಿಬಿಟ್ಟಿದೆ.
ಮುಖವಿರಬೇಕಾದಲ್ಲಿ ಹೊಗೆ,
ಕೆಳಗೆ ಹೊಸ ಬೂಟು ಮಾತ್ರ ನಿಚ್ಚಳ.

ಪಿಳ್ಳಪ್ಪ ಅಂದುಕೊಂಡೆ, ಅಕ್ಕಯ್ಯಮ್ಮ ಅಂದುಕೊಂಡೆ.
ಮಗುವಿಗೆ ಹೆಸರು ಹೊಳೆಯಲಿಲ್ಲ.

ತಿರುವಿದರೆ ಬೆನ್ನ ರಟ್ಟಿನಲ್ಲಿ ಪೆನ್ಸಿಲ್ಲು:
‘ಬಾಕಿ ರೂ. ೩. ಬರಲಿಲ್ಲ.’
ಅಂದರೆ ಇದನ್ನವರು ನೋಡೇ ಇಲ್ಲ.
ಬೂಟು ಸವೆದಿರಬೇಕು,
ಮಗು ಅಲುಗುತ್ತಲೇ ಬೆಳೆದಿರಬೇಕು.

‘ಕೀಳಬೇಡಪ್ಪ’ ಅಂದು ದುಡ್ಡು ಕೊಟ್ಟೆ.
ಎಣಿಸಿದವನು ತಲೆಯೆತ್ತಿ,
‘ಮೂರು ಹೆಚ್ಚು ಬಂತಲ್ಲ ಸಾರ್’ ಎಂದ.